ಯಾರ ಮನೆ ಮದುವೆಯ ಚಿತ್ತಾರ ಇದು?

ಎರಡು ವರ್ಷದ ಹಿಂದೆ ಮಲೆನಾಡಿನ ಒಂದು ಊರಿನಲ್ಲಿ ಚಿತ್ರಪ್ರದರ್ಶನ ನೋಡಲು ಹೋಗಿದ್ದೆ. ಊರಿನ ಹೆಸರು ಬೇಡ, ಏರ್ಪಡಿಸಿದವರು ಕೈಯಿಂದ ದುಡ್ಡು ಹಾಕಿ ಕಷ್ಟಪಟ್ಟು ಮಾಡಿದ್ದರು. ಬಿಳಿ ಗೋಡೆಯ ಮೇಲೆ ಗಾಜಿನ ಚೌಕಟ್ಟಿನೊಳಗೆ ಏಳೆಂಟು ಹಸೆ ಚಿತ್ತಾರ, ಮದುವೆಗೆಂದು ಮನೆಯ ಗೋಡೆಗೆ ಬರೆಯುವಂಥವು. ಕೆಮ್ಮಣ್ಣಿನ ಹಿನ್ನೆಲೆ, ಅದರ ಮೇಲೆ ಕೂದಲೆಳೆಯಂಥ ಬಿಳಿ ಗೆರೆ, ನಡುವೆ ಗಂಡು ಹೆಣ್ಣು. ಕೆಳಗೆ ಅಚ್ಚು ಹಾಕಿಸಿದ ಚೀಟಿ: ‘ಜನಪದ ಕಲೆ, ಮಲೆನಾಡು.’ ಹೊಸನಗರದ ಕಡೆಯ ಹಿರಿಯ ಹೆಂಗಸೊಬ್ಬರು ನನ್ನ ಪಕ್ಕ ನಿಂತಿದ್ದರು. ಹತ್ತಿರ ಹೋಗಿ, ಹಿಂದೆ ಸರಿದು, ಎಳೆ ಎಣಿಸುವ ಹಾಗೆ ನೋಡಿ, ಮೇಜಿನ ಹಿಂದೆ ಕೂತಿದ್ದ ಹುಡುಗನನ್ನು ಕೇಳಿದರು.

“ತಮಾ, ಇದು ಯಾರ ಮನೆ ಮದ್ವೆದು?”

“ಮದ್ವೆದಲ್ಲ ಅಮ್ಮ, ಇದು ಆರ್ಟು.”

“ಮದ್ವೆ ಇಲ್ದೆ ಹಸೆ ಬರದ್ರನಾ?”

ಹುಡುಗ ನಕ್ಕ. ನಾನೂ ನಕ್ಕೆ. ಬಸ್ಸು ಹತ್ತಿದ ಮೇಲೆ ಆ ನಗು ಸರಿಯಲ್ಲ ಅನಿಸಿತು. ಹೆಂಗಸು ಕೇಳಿದ್ದು ಮೂರು ಸಂಗತಿ: ಯಾರು ಬರೆದರು, ಯಾರಿಗಾಗಿ ಬರೆದರು, ಯಾವ ಗೋಡೆಯ ಮೇಲೆ. ಯಾವ ವಸ್ತುಸಂಗ್ರಹಾಲಯವಾದರೂ ತಾನು ಇಟ್ಟುಕೊಂಡ ವಸ್ತುವಿನ ಬಗ್ಗೆ ಮೊದಲು ಬರೆದಿಟ್ಟುಕೊಳ್ಳಬೇಕಾದದ್ದೂ ಅದೇ ಮೂರು.

ಈಗ ಈ ಮಾತು ಎತ್ತಲು ಕಾರಣವಿದೆ. 2023ರ ಫೆಬ್ರವರಿಯಲ್ಲಿ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾದ ಮೇಲೆ, ಬಂದವರಿಗೆ ಜೋಗ ಬಿಟ್ಟು ಬೇರೇನು ತೋರಿಸೋಣ ಎಂಬ ಪ್ರಶ್ನೆ ಶಿವಮೊಗ್ಗದಲ್ಲಿ ಆಗಾಗ ಕೇಳಿಬರುತ್ತದೆ. ‘ಮಲೆನಾಡಿನ ಸಂಸ್ಕೃತಿ ಬಿಂಬಿಸುವ’ ಎಂಬ ವಿಶೇಷಣ ಆಮಂತ್ರಣ ಪತ್ರಿಕೆಗಳಲ್ಲಿ ಸವೆದು ಹೋಗಿದೆ. ಹಾಗೆ ಬಿಂಬಿಸಲು ನಮ್ಮಲ್ಲಿ ಇರುವ ಜಾಗಗಳು ಯಾವುವು? ಪೇಟೆಯೊಳಗೆ ತುಂಗೆಯ ದಂಡೆಯಲ್ಲಿ ಶಿವಪ್ಪ ನಾಯಕನ ಅರಮನೆ, ಅದರಲ್ಲಿ ಪುರಾತತ್ವ ಇಲಾಖೆಯ ಸರ್ಕಾರಿ ವಸ್ತುಸಂಗ್ರಹಾಲಯ. ಸಾಗರದ ಹತ್ತಿರ ಕೆಳದಿಯಲ್ಲಿ ಗುಂಡಾ ಜೋಯಿಸರು ಕಟ್ಟಿ ಬೆಳೆಸಿದ, ಈಗ ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿದ ಸಂಗ್ರಹಾಲಯ, ಅದರ ತಾಳೆಗರಿಗಳು. ಕುಪ್ಪಳಿಯ ಕವಿಮನೆ. ಲಕ್ಕಿನಕೊಪ್ಪದ ಬಳಿ ಖಾಸಗಿ ಆಸ್ಥೆಯಿಂದ ನಿಂತಿರುವ ‘ಅಮೂಲ್ಯ ಶೋಧ’ ಸಂಗ್ರಹಾಲಯ. ಚಿತ್ರಕಲೆಗೆಂದೇ ಇರುವ ದೊಡ್ಡ ಸಾರ್ವಜನಿಕ ಗ್ಯಾಲರಿ ನೋಡಬೇಕೆಂದರೆ ಮಾತ್ರ ನಮ್ಮವರು ರೈಲು ಹತ್ತಬೇಕು: ಬೆಂಗಳೂರಿನ ವೆಂಕಟಪ್ಪ ಗ್ಯಾಲರಿ, 2009ರಲ್ಲಿ ಮಾಣಿಕ್ಯವೇಲು ಬಂಗಲೆಯಲ್ಲಿ ತೆರೆದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ, ಇಲ್ಲವೇ ಮೈಸೂರಿನ ಜಗನ್ಮೋಹನ ಅರಮನೆ. ಅಲ್ಲಿ ವೆಂಕಟಪ್ಪನವರು ಜಲವರ್ಣದಲ್ಲಿ ಹಿಡಿದ ಊಟಿಯ ಮಂಜು ನೋಡಿ, ಆಗುಂಬೆಯ ಮಂಜು ಯಾವ ಗೋಡೆಯ ಮೇಲಿದೆ ಎಂದುಕೊಂಡು ವಾಪಸು ಬರಬೇಕು.

ಗ್ಯಾಲರಿ ಇಲ್ಲದ್ದು ಕೊರತೆ ಹೌದು. ನನ್ನ ತಕರಾರು ಅದಕ್ಕಿಂತ ಹಿಂದಿನದು. ನಾಳೆಯೇ ಒಂದು ಭವ್ಯ ಕಟ್ಟಡ ಎದ್ದರೂ ಅದರೊಳಗೆ ಮಲೆನಾಡನ್ನು ಯಾವ ಕೋಣೆಗೆ ಹೇಗೆ ಹಂಚುತ್ತೇವೆ? ಈಗಿನ ರೂಢಿಯಲ್ಲಿ ಕಲೆಗೆ ಒಂದು ಕೋಣೆ, ಇತಿಹಾಸಕ್ಕೆ ಒಂದು, ಹಳೆಯ ಪಾತ್ರೆ ಪಗಡಿಗೆ ಇನ್ನೊಂದು. ಬೆಟ್ಟ, ಕಾಡು, ಹೊಳೆ ದೊಡ್ಡ ಫೋಟೋಗಳಾಗಿ ಮೆಟ್ಟಿಲ ಬಳಿ. ಹೀಗೆ ಹಿಸ್ಸೆ ಮಾಡಿದ ಕೂಡಲೇ ಮಲೆನಾಡು ಕೈತಪ್ಪುತ್ತದೆ, ಏಕೆಂದರೆ ಇಲ್ಲಿ ಕಲೆಗೂ ಗೇಯ್ಮೆಗೂ ನೆಲಕ್ಕೂ ನಡುವೆ ಗೋಡೆಯೇ ಇರಲಿಲ್ಲ.

ಅರಮನೆಯ ಅಂಗಳದಿಂದಲೇ ಶುರು ಮಾಡೋಣ. ಕಟ್ಟಡಕ್ಕೆ ಶಿವಪ್ಪ ನಾಯಕನ ಹೆಸರಿದ್ದರೂ ಈಗ ನಿಂತಿರುವುದು ಹೈದರಾಲಿಯ ಕಾಲದ್ದು ಎನ್ನುವ ಇತಿಹಾಸಕಾರರೂ ಇದ್ದಾರೆ. ಅದು ಬೇರೆ ಜಗಳ. ಅಂಗಳದಲ್ಲಿ ವೀರಗಲ್ಲುಗಳು, ಸತಿ ಹೋದವರ ನೆನಪಿನ ಮಾಸ್ತಿಕಲ್ಲುಗಳು ಸಾಲಾಗಿ ನಿಂತಿವೆ. ವೀರಗಲ್ಲನ್ನು ಓದುವುದು ಕೆಳಗಿನಿಂದ ಮೇಲಕ್ಕೆ. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ಅದರ ಮೇಲೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ತುದಿಯಲ್ಲಿ ಶಿವಸಾನ್ನಿಧ್ಯ, ಅತ್ತಿತ್ತ ಸೂರ್ಯಚಂದ್ರ. ತುರುಗೋಳ್ ಕಲ್ಲಾದರೆ ಬುಡದಲ್ಲಿ ಒತ್ತೊತ್ತಾಗಿ ದನಗಳು. ಕದ್ದೊಯ್ಯುತ್ತಿದ್ದ ಊರ ದನ ಬಿಡಿಸಲು ಹೋಗಿ ಸತ್ತವನಿಗೆ ಊರು ನಿಲ್ಲಿಸಿದ ಕಲ್ಲು ಅದು. ಅದನ್ನು ನಿಲ್ಲಿಸುತ್ತಿದ್ದುದು ಊರಬಾಗಿಲಲ್ಲೋ ಕೆರೆ ಏರಿಯ ಮೇಲೋ, ದಿನಾ ದನ ಹೊಡೆದುಕೊಂಡು ಹೋಗುವವರ ಕಣ್ಣಿಗೆ ಬೀಳುವಂತೆ.

ಕಲ್ಲು ಅಂಗಳಕ್ಕೆ ಬಂದಿದ್ದರಿಂದ ಉಳಿಯಿತು, ಇಲ್ಲದಿದ್ದರೆ ಬಟ್ಟೆ ಒಗೆಯುವ ಚಪ್ಪಡಿಯಾಗುತ್ತಿತ್ತು ಎಂದು ಯಾರಾದರೂ ಹೇಳಿದರೆ ಒಪ್ಪಲೇಬೇಕು. ಅಂಥ ಕಲ್ಲುಗಳನ್ನು ನಾನೇ ಕಂಡಿದ್ದೇನೆ. ಆದರೆ ಉಳಿಸಿಕೊಂಡ ಮೇಲೆ ಊರನ್ನೂ ಉಳಿಸಿಕೊಳ್ಳುವುದು ದೊಡ್ಡ ಖರ್ಚಿನ ಬಾಬತ್ತೇನಲ್ಲ. ಬಿ.ಎಲ್. ರೈಸ್ ಶಿವಮೊಗ್ಗ ಜಿಲ್ಲೆಯ ಶಾಸನಗಳನ್ನು 1902 ಮತ್ತು 1904ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ 7 ಮತ್ತು 8ನೇ ಸಂಪುಟಗಳಲ್ಲಿ ತಾಲ್ಲೂಕು, ಊರು ಹಿಡಿದು ದಾಖಲಿಸಿದ್ದರು. ನೂರಿಪ್ಪತ್ತು ವರ್ಷದ ಹಿಂದೆ ಎತ್ತಿನಗಾಡಿಯ ಕಾಲದಲ್ಲಿ ಸಾಧ್ಯವಾದದ್ದು ಈಗ ಒಂದು ನಕ್ಷೆ, ಒಂದು ಫೋಟೋ, ಊರಿನವರ ನಾಲ್ಕು ಮಾತಿನೊಂದಿಗೆ ಇನ್ನೂ ಸಲೀಸು. ಮೂಲವನ್ನು ತಂದು ಊರಿಗೆ ಪ್ರತಿಕೃತಿ ಕೊಡುವ ದಾರಿಯೂ ಇದೆ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಹಾಗೇ ಆಗಿದೆ: ಶಾಸನ ಮೈಸೂರಿನಲ್ಲಿ, ಊರಿನಲ್ಲಿ ಅದರ ಪ್ರತಿರೂಪ. ಇದು ನ್ಯಾಯವೋ ಸಮಾಧಾನವೋ, ಹಲ್ಮಿಡಿಯವರನ್ನೇ ಕೇಳಬೇಕು.

ಆ ಅರಮನೆಗೆ ಹೆಸರು ಕೊಟ್ಟ ಶಿವಪ್ಪ ನಾಯಕ (1645–1660) ಹೆಚ್ಚು ನೆನಪಾಗುವುದು ಕತ್ತಿಗಿಂತ ‘ಶಿಸ್ತಿ’ಗೆ. ನೆಲದ ಗುಣ ನೋಡಿ ದರ್ಜೆ ಕಟ್ಟಿ ಕಂದಾಯ ಗೊತ್ತುಮಾಡಿದ ವ್ಯವಸ್ಥೆ ಅದು. ಮಲೆನಾಡಿನ ಗದ್ದೆ ತೋಟಗಳ ರೂಪದ ಹಿಂದೆ ಮಳೆಯಷ್ಟೇ ಇಂಥ ಲೆಕ್ಕವೂ ಇದೆ. ನಮ್ಮ ಕಲಾವಿದರಿಗೂ ಕ್ಯಾಮೆರಾದವರಿಗೂ ಭೂದೃಶ್ಯ ಎಂದರೆ ಜನರಿಲ್ಲದ ಹಸಿರು. ಇದ್ದರೂ ದೂರದಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡ ಒಂದು ಚುಕ್ಕೆ. ನಿಜವಾದ ಮಲೆನಾಡು ಅಂಗುಲ ಅಂಗುಲ ಅಳೆಸಿಕೊಂಡ ನೆಲ. ಯಾರು ಅಳೆದರು, ಯಾವ ಪಾತ್ರೆಯಲ್ಲಿ ಅಳೆದರು ಎಂಬುದೇ ಇಲ್ಲಿನ ಕತೆ.

ಪಾತ್ರೆ ಎಂದದ್ದು ಸುಮ್ಮನೆ ಅಲ್ಲ. ಮೇಲೆ ಹೇಳಿದ ಅದೇ ಪ್ರದರ್ಶನದ ಇನ್ನೊಂದು ಮೂಲೆಯಲ್ಲಿ ಹಿತ್ತಾಳೆ ಚೊಂಬು, ಅಡಕೊತ್ತು, ಕಡೆಗೋಲುಗಳ ಜೊತೆ ಒಂದು ಕೊಳಗವೂ ಇತ್ತು. ಚೀಟಿ: ‘ಹಳೆಯ ಕಾಲದ ಅಳತೆ ಪಾತ್ರೆ.’ ತಪ್ಪೇನಿಲ್ಲ. ಆದರೆ ಸಾಗರ ತಾಲ್ಲೂಕಿನಲ್ಲಿ ನಿಂತು ಕೊಳಗಕ್ಕೆ ಇಷ್ಟೇ ಬರೆಯುವುದು, ದಂಡಿಯಲ್ಲಿ ಉಪ್ಪಿನ ಜಾಡಿಗೆ ‘ಅಡುಗೆಮನೆಯ ವಸ್ತು’ ಎಂದು ಚೀಟಿ ಅಂಟಿಸಿದ ಹಾಗೆ. 1951ರ ಕಾಗೋಡು ಸತ್ಯಾಗ್ರಹದ ಮೂಲದಲ್ಲಿ ಇದ್ದದ್ದು ಈ ಕೊಳಗವೇ. ಗೇಣಿ ಭತ್ತವನ್ನು ಒಡೆಯರು ರೂಢಿಗಿಂತ ದೊಡ್ಡ ಕೊಳಗದಲ್ಲಿ ಅಳೆಸಿಕೊಳ್ಳುತ್ತಾರೆ ಎಂಬುದು ಗೇಣಿ ಒಕ್ಕಲುಗಳ ದೂರು. ಕಣದಲ್ಲಿ ರಾಶಿ ಹಾಕಿದ ಭತ್ತ ಕೊಳಗದ ಬಾಯಿಂದ ಬಾಯಿಗೆ ಕಡಿಮೆಯಾಗುತ್ತ ಹೋಗುವುದನ್ನು ನೋಡುತ್ತ ನಿಂತವನಿಗೆ ಆ ಪಾತ್ರೆಯ ಅಂಚು ಒಂದು ಬೆರಳು ಎತ್ತರವಿದ್ದರೂ ಮಳೆಗಾಲದ ಗಂಜಿಯ ಲೆಕ್ಕ ತಪ್ಪುತ್ತದೆ. ಗಣಪತಿಯಪ್ಪನವರು ಸಂಘಟನೆ ಕಟ್ಟಿದರು, ಸಮಾಜವಾದಿಗಳು ಜೊತೆಯಾದರು, ಶಾಂತವೇರಿ ಗೋಪಾಲಗೌಡರು ಬೆಳೆದದ್ದು ಈ ಹೋರಾಟದಲ್ಲೇ. ರಾಮಮನೋಹರ ಲೋಹಿಯಾ ಕಾಗೋಡಿಗೆ ಬಂದು ಬಂಧನಕ್ಕೊಳಗಾದರು. ದೇವರಾಜ ಅರಸರ ಕಾಲದ ಭೂಸುಧಾರಣೆ, 1974ರ ‘ಉಳುವವನೇ ಹೊಲದೊಡೆಯ’, ಇದೆಲ್ಲದರ ನೆನಪಿನಲ್ಲಿ ಕಾಗೋಡು ಇದೆ.

ಇನ್ನೊಂದು ಸಂಗತಿ ಇದೆ, ನನಗೆ ಬಹಳ ಮುಖ್ಯವೆನಿಸಿದ್ದು. ಕಾಗೋಡಿನ ಗೇಣಿದಾರರು ಬಹುಪಾಲು ದೀವರು, ಮಲೆನಾಡಿನ ಬೇಸಾಯಗಾರ ಸಮುದಾಯದವರು. ಹಸೆ ಚಿತ್ತಾರ ಬರೆಯುವವರು ದೀವರ ಹೆಣ್ಣುಮಕ್ಕಳು. ಅಂದರೆ ಆ ಸಭಾಂಗಣದ ಬಲಗೋಡೆಯ ‘ಕಲೆ’, ಎಡಮೂಲೆಯ ‘ಹಳೆಯ ವಸ್ತು’ ಎರಡೂ ಒಂದೇ ಮನೆಯವು. ಅಂಗಳದಲ್ಲಿ ಕೊಳಗ, ಜಗಲಿಯ ಒಳಗೋಡೆಯಲ್ಲಿ ಚಿತ್ತಾರ. ಪಕ್ಕಪಕ್ಕ ಇಟ್ಟಿದ್ದರೆ ನೋಡುವವರಿಗೆ ತಾನಾಗಿ ಒಂದು ಪ್ರಶ್ನೆ ಹುಟ್ಟುತ್ತಿತ್ತು: ಸ್ವಂತ ನೆಲವಿಲ್ಲದವರು ಗೋಡೆಯ ಮೇಲೆ ಇಷ್ಟು ಕರಾರುವಾಕ್ಕಾದ ಚೌಕ ಎಳೆಯುವುದನ್ನು ಎಲ್ಲಿ ಕಲಿತರು?

ಚಿತ್ತಾರದ ಸಾಮಾನು ನೋಡಿದರೆ ಭೂದೃಶ್ಯವೇ ಬಟ್ಟಲಿಗೆ ಬಂದ ಹಾಗಿರುತ್ತದೆ. ಕೆಂಪಿಗೆ ಕೆಮ್ಮಣ್ಣು. ಬಿಳಿಗೆ ನೆನೆಸಿ ಅರೆದ ಅಕ್ಕಿ. ಕಪ್ಪಿಗೆ ಅದೇ ಅಕ್ಕಿಯನ್ನು ಕರಕಲಾಗುವ ತನಕ ಹುರಿದು ಅರೆಯುತ್ತಾರೆ. ಹಳದಿಗೆ ಗುರಿಗೆ ಬೀಜ. ಕುಂಚವೆಂದರೆ ಪುಂಡಿ ನಾರಿನ ಜುಂಗು. ಬಲ್ಲ ಚಿತ್ತಾರಗಿತ್ತಿ ಆ ಜುಂಗನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು, ಉಸಿರು ಕಟ್ಟಿ, ಒಂದೇ ಎಳೆತದಲ್ಲಿ ಗೇಣುದ್ದ ಗೆರೆ ತೆಗೆಯುವುದನ್ನು ಹತ್ತಿರದಿಂದ ನೋಡಬೇಕು. ನಾರು ಗೋಡೆಯ ಮೇಲೆ ಮಲಗಿ ಜಾರುತ್ತದೆ, ಬಣ್ಣ ಹಿಂದೆ ಉಳಿಯುತ್ತದೆ. ಅಲ್ಲಿಲ್ಲಿ ಹಾಡು, ನಡುವೆ ಕವಳ, ನಗೆಚಾಟಿಕೆ. ಗೋಡೆಗೆ ಬರೆಯುವ ಕೈಯೇ ಆಶ್ವೀಜದ ಭೂಮಿ ಹುಣ್ಣಿಮೆಗೆ ಬುಟ್ಟಿಗೂ ಬರೆಯುತ್ತದೆ. ಬಿದಿರ ಬುಟ್ಟಿಗೆ ಸಗಣಿ, ಕೆಮ್ಮಣ್ಣು ಬಳಿದು ಮೇಲೆ ಚಿತ್ತಾರ. ಹೊಡೆ ತುಂಬಿದ ಗದ್ದೆಗೆ ಬಸುರಿಯ ಬಯಕೆ ಊಟ ಹೊರುವ ಬೂಮಣ್ಣಿ ಬುಟ್ಟಿ ಅದು.

ಇಲ್ಲಿ ಮ್ಯೂಸಿಯಂ ಎಂಬ ಕಲ್ಪನೆಗೇ ಒಂದು ತೊಡಕಿದೆ. ಮ್ಯೂಸಿಯಂನ ಕೆಲಸ ಕಾಪಾಡುವುದು. ಹಸೆಗೋಡೆಯ ಚಿತ್ತಾರಕ್ಕೆ ಕಾಪಾಡಿಸಿಕೊಳ್ಳುವ ಹಂಬಲವೇ ಇಲ್ಲ. ಅದು ಮದುವೆಗೆ ಹುಟ್ಟಿ, ಒಲೆಯ ಹೊಗೆಯಲ್ಲಿ ಮಾಸಿ, ಮುಂದಿನ ಮದುವೆಯ ಹೊತ್ತಿಗೆ ಕೆಮ್ಮಣ್ಣಿನಡಿ ಹೋಗಿ, ಮತ್ತೆ ಬರುತ್ತದೆ. ಉಳಿಯುತ್ತಿದ್ದುದು ಬರೆಯುವ ಕೈ. ಗಾಜಿನೊಳಗೆ ಚಿತ್ರ ನೂರು ವರ್ಷ ಇದ್ದು, ಬರೆಯುವವರು ಇಲ್ಲದಾದರೆ ಕಾಪಾಡಿದ್ದೇನು? ಹಾಗೆಂದು ಚೌಕಟ್ಟೇ ಬೇಡ ಎನ್ನುವಷ್ಟು ಮಡಿವಂತ ನಾನಲ್ಲ. ಬಟ್ಟೆಗೆ, ಕಾಗದಕ್ಕೆ ಇಳಿದದ್ದರಿಂದಲೇ ಚಿತ್ತಾರಕ್ಕೆ ನಾಲ್ಕು ಕಾಸು ಹುಟ್ಟಿತು, ನಾಲ್ಕು ಹುಡುಗಿಯರು ಕಲಿತರು. ಪ್ರದರ್ಶನದವರು ಒಂದು ಮಣ್ಣಿನ ಗೋಡೆ ಕಟ್ಟಿಸಿ, ವರ್ಷಕ್ಕೊಮ್ಮೆ ಬಳಿದು, ಬೇರೆ ಬೇರೆ ಊರಿನವರನ್ನು ಕರೆದು, ಕೂಲಿಯನ್ನಲ್ಲ ಕಲಾವಿದರ ಸಂಭಾವನೆಯನ್ನೇ ಕೊಟ್ಟು ಬರೆಸಿದರೆ, ಅಳಿಸಿ ಬರೆಯುವುದೇ ಪ್ರದರ್ಶನವಾಗುತ್ತದೆ. ಕಟ್ಟಡದ ಬಜೆಟ್ಟಿನಲ್ಲಿ ಗ್ರಾನೈಟಿಗೆ ಹೋಗುವ ದುಡ್ಡಿನ ಚೂರು ಸಾಕು.

ಕಾಪಾಡುವ ಮಾತಿಗೆ ಬಂದರೆ ಮಲೆನಾಡಿನಲ್ಲಿ ಮೊದಲ ಶತ್ರು ಮಳೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಸುರಿಯುತ್ತದೆ. ಕಾಗದ, ಬಟ್ಟೆಯ ಮೇಲಿನ ಚಿತ್ರಗಳಿಗೆ ಗಾಳಿಯ ತೇವ ಶೇ. 50ರ ಆಸುಪಾಸು ಇರಬೇಕು, ಶೇ. 65 ದಾಟಿತೆಂದರೆ ಬೂಷ್ಟು ಹಿಡಿಯುವ ಭಯ. ಆಷಾಢದಲ್ಲಿ ನಮ್ಮ ಚಪ್ಪಲಿಗೇ ಬೂಷ್ಟು ಬರುತ್ತದೆ. ತೇವ ಹೀರುವ ಯಂತ್ರ ಹಗಲೂ ರಾತ್ರಿ ಓಡಬೇಕು, ಗಾಳಿ ಬೀಸಿ ಮರ ಬಿದ್ದರೆ ಎರಡು ದಿನ ಕರೆಂಟಿಲ್ಲ. ಹಳಬರು ಕಾಗದಪತ್ರವನ್ನು ಒಲೆಯ ಮೇಲಿನ ಅಟ್ಟದಲ್ಲಿ, ಹೊಗೆ ತಾಗುವಲ್ಲಿ ಇಡುತ್ತಿದ್ದರು. ಅಡಿಕೆ, ಬಿತ್ತನೆ ಬೀಜ, ಜಾತಕದ ಕಟ್ಟು ಎಲ್ಲಕ್ಕೂ ಅದೇ ಹವಾನಿಯಂತ್ರಣ. ಬೆಂಗಳೂರಿನ ಗ್ಯಾಲರಿಯ ನಕಾಶೆಯನ್ನೇ ತಂದು ಇಲ್ಲಿ ಗಾಜಿನ ಪೆಟ್ಟಿಗೆ ಕಟ್ಟಿದರೆ ಎರಡು ಮಳೆಗಾಲದಲ್ಲಿ ಗೊತ್ತಾಗುತ್ತದೆ. ಇಳಿಜಾರು ಮಾಡು, ಉದ್ದ ಚಾಚಿದ ಸೂರು, ನೆಲದಿಂದ ಎತ್ತಿದ ಜಗಲಿ ಇವೆಲ್ಲ ಇಲ್ಲಿ ಅಲಂಕಾರವಾಗಿ ಬಂದವಲ್ಲ.

ಹಸಿರು ಬೆಟ್ಟದ ಚಿತ್ರಗಳಿಗೆ ಮರಳುತ್ತೇನೆ. ಅಡಿಕೆ ತೋಟದ ಹಿಂದೆ ಕಾಣುವ ಗುಡ್ಡವನ್ನು ಪೇಟೆಯವರು ಕಾಡು ಎಂದುಕೊಳ್ಳುತ್ತಾರೆ. ಅದು ಸೊಪ್ಪಿನ ಬೆಟ್ಟ. ತೋಟದ ಗೊಬ್ಬರಕ್ಕೆ ತಲೆತಲಾಂತರದಿಂದ ಸೊಪ್ಪು ಕಡಿದ ಮರಗಳು ಅಲ್ಲಿ ಮೊಟಕು ಕೈ ಚಾಚಿ ನಿಂತಿವೆ. ಅದರಾಚೆ ಒಂದೇ ಅಳತೆಯ, ಒಂದೇ ಬಣ್ಣದ ಮರಗಳ ಸಾಲು ಕಂಡರೆ ಅದು ಅಕೇಶಿಯಾ, ಭದ್ರಾವತಿಯ ಕಾಗದ ಕಾರ್ಖಾನೆಗೆಂದು ನೆಟ್ಟದ್ದು. ಕಾರ್ಖಾನೆ ಬಾಗಿಲು ಹಾಕಿತು, ಮರಗಳು ಇವೆ. ಭೂದೃಶ್ಯ ಪ್ರದರ್ಶನವೊಂದು ಈ ಮೂರು ಹಸಿರುಗಳ ಅಂತರವನ್ನು ಕಾಣಿಸದೆ ‘ನಿತ್ಯಹರಿದ್ವರ್ಣ’ ಎಂಬ ಒಂದೇ ಪದದಲ್ಲಿ ಮುಗಿಸಿದರೆ, ಅದಕ್ಕಿಂತ ಅಡಿಕೆ ಮಂಡಿಯ ಗುಮಾಸ್ತನ ಕಣ್ಣು ಚುರುಕು. ಆತ ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಮುಷ್ಟಿಯಲ್ಲೇ ಬೇರೆ ಮಾಡುತ್ತಾನೆ. ಅಡಿಕೆ ಬೇಯಿಸಿದ ಚೊಗರು ಹೆಗ್ಗೋಡಿನ ‘ಚರಕ’ ಕೈಮಗ್ಗ ಸಂಸ್ಥೆಯವರ ಕೈಯಲ್ಲಿ ಸೀರೆಯ ಬಣ್ಣವಾಗುತ್ತದೆ. ನನ್ನನ್ನು ಕೇಳಿದರೆ ಮಲೆನಾಡಿನ ಭೂದೃಶ್ಯವೆಂದು ಗೋಡೆಗೆ ನೇತುಹಾಕಲು ಆ ಸೀರೆಯೂ ತಕ್ಕದ್ದೇ.

ಇನ್ನು ನೀರಿನಡಿಯ ಮಲೆನಾಡು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿ ಕಣಿವೆಯ ಊರುಗಳು ಮುಳುಗಿದವು. ಜಲಾಶಯ ತುಂಬುವ ಮಟ್ಟ 1,819 ಅಡಿ ಎಂಬುದು ಸಾಗರದ ಹೋಟೆಲುಗಳಲ್ಲೂ ಬಾಯಿಪಾಠ. ಶಿಸ್ತು, ಕೊಳಗದ ಸಾಲಿಗೆ ಸೇರಬೇಕಾದ ಮೂರನೆಯ ಅಳತೆ ಅದು. ಕೊಳಗದ ವಿರುದ್ಧ ನಿಂತ ತಾಲ್ಲೂಕಿನಲ್ಲೇ ಈ ಅಳತೆ ಬಂದು ಗದ್ದೆ, ಗುಡಿ, ಹಸೆಗೋಡೆಗಳ ಮೇಲೆ ನೀರು ಎಳೆಯಿತು. ಎದ್ದು ಹೋದವರಲ್ಲಿ ಎಷ್ಟೋ ಕುಟುಂಬಗಳ ಹಕ್ಕುಪತ್ರದ ತಗಾದೆ ಇನ್ನೂ ಮುಗಿದಿಲ್ಲ. ಮಳೆ ಕೈಕೊಟ್ಟ ಬೇಸಿಗೆಯಲ್ಲಿ, ಅದಕ್ಕೂ ಹಿಂದೆ 1940ರ ದಶಕದಲ್ಲಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು ಹಿನ್ನೀರಿನಿಂದ ಮೇಲೆದ್ದು ಬರುತ್ತದೆ. ಅಣೆಕಟ್ಟೊಂದನ್ನು ಇನ್ನೊಂದು ಅಣೆಕಟ್ಟು ಮುಳುಗಿಸಿದ ನೋಟ. ಜನ ಬೈಕಿನಲ್ಲಿ ಹೋಗಿ ಸೆಲ್ಫಿ ತೆಗೆದುಕೊಳ್ಳುತ್ತಾರೆ. ನಿಂತ ಜಾಗದ ಸುತ್ತ ಯಾವ ಊರಿತ್ತು ಎಂದು ಹೇಳುವ ಒಂದು ಹಲಗೆಯಾದರೂ ಇದ್ದರೆ ಅದೇ ಬಯಲು ಸಂಗ್ರಹಾಲಯ.

2025ರ ಜುಲೈನಲ್ಲಿ ಅದೇ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ಹಿನ್ನೀರಿನಾಚೆಯ ತುಮರಿ ಕಡೆಯವರು ದಶಕಗಟ್ಟಲೆ ಕೇಳಿದ ಸೇತುವೆ. ಕೊನೆಯ ಲಾಂಚು ತಪ್ಪಿ ದಡದಲ್ಲಿ ರಾತ್ರಿ ಕಳೆದವರು, ಬಸುರಿಯನ್ನು ಲಾಂಚಿನಲ್ಲಿ ಸಾಗಿಸಿದವರು ಅಲ್ಲಿ ಮನೆಗೊಬ್ಬರು ಸಿಗುತ್ತಾರೆ. ಕಲಾ ಸಂಗ್ರಹಾಲಯದ ಕ್ಯುರೇಟರ್ ಆಗಿದ್ದರೆ ನಾನು ಈಗ ಓಡುತ್ತಿದ್ದುದು ಅಲ್ಲಿಗೆ: ಲಾಂಚಿನ ಟಿಕೆಟು, ಹಾರ್ನಿನ ಸದ್ದು, ಚಾಲಕರ ಮಾತು ಇವನ್ನು ಈಗಲೇ ಎತ್ತಿಡಬೇಕು. ಹತ್ತು ವರ್ಷ ಬಿಟ್ಟರೆ ಅದೂ ‘ಹಳೆಯ ಕಾಲದ ದೋಣಿ’ ಎಂಬ ಚೀಟಿಗೆ ಬರುತ್ತದೆ.

ಮಾದರಿಗಳು ನಮ್ಮಲ್ಲೇ ಇಲ್ಲವೆಂದಲ್ಲ. ಕವಿಶೈಲದ ಮೇಲೆ ಕಲಾವಿದ ಕೆ.ಟಿ. ಶಿವಪ್ರಸಾದ್ ನಿಲ್ಲಿಸಿದ ಬೃಹತ್ ಕಲ್ಲುಗಳಿಗೆ ಚೌಕಟ್ಟೂ ಇಲ್ಲ, ಗೋಡೆಯೂ ಇಲ್ಲ. ಕುವೆಂಪು ಕೂತು ನೋಡುತ್ತಿದ್ದ ಸೂರ್ಯಾಸ್ತವನ್ನೇ ಹಿನ್ನೆಲೆ ಮಾಡಿಕೊಂಡು ನಿಂತಿವೆ. ಮಳೆ ಬಂದರೆ ಹಾವಸೆ ಹಿಡಿಯುತ್ತದೆ, ಅದೂ ಅಲ್ಲಿಗೆ ಒಪ್ಪುತ್ತದೆ. ಕೆಳಗಿನ ಕವಿಮನೆಯಲ್ಲಿ ಬಾಣಂತಿ ಕೋಣೆ, ಅಡುಗೆ ಪಾತ್ರೆ, ಬೇಸಾಯದ ಸಾಮಾನುಗಳನ್ನು ಕವಿಯ ಹಸ್ತಪ್ರತಿಗಳ ಮನೆಯಲ್ಲೇ ನೋಡುತ್ತೇವೆ. ಅದೇ ಮನೆಯಿಂದ 2015ರ ನವೆಂಬರಿನಲ್ಲಿ ಪದ್ಮ ಪ್ರಶಸ್ತಿಯ ಪದಕಗಳು ಕಳುವಾದವು ಎಂಬುದನ್ನೂ ಮರೆಯುವಂತಿಲ್ಲ. ಕಾಡಂಚಿನ ಮ್ಯೂಸಿಯಂಗೆ ಕಾವಲು, ಸಂಬಳ, ವಿಮೆ ಎಲ್ಲವೂ ಬೇಕು. ಉದ್ಘಾಟನೆಗೆ ಸಿಗುವ ಹಣ ಮೂರನೆಯ ವರ್ಷದ ಕಾವಲುಗಾರನ ಸಂಬಳಕ್ಕೆ ಸಿಗುವುದಿಲ್ಲ. ಆಗ ‘ಖಾಸಗಿಯವರಿಗೆ ದತ್ತು ಕೊಡೋಣ’ ಎಂಬ ಮಾತು ಬರುತ್ತದೆ. ವೆಂಕಟಪ್ಪ ಗ್ಯಾಲರಿಯ ವಿಷಯದಲ್ಲಿ 2016ರಲ್ಲಿ ಹಾಗೆ ಬಂದಾಗ ಕಲಾವಿದರೇ ಬೀದಿಗಿಳಿದಿದ್ದರು. ಬೆಂಗಳೂರಿನಲ್ಲಿ ಬೀದಿಗಿಳಿಯಲು ಅಷ್ಟು ಕಲಾವಿದರಾದರೂ ಇದ್ದರು.

ಜಗತ್ತಿನ ಸಂಗ್ರಹಾಲಯಗಳ ಒಕ್ಕೂಟ 2022ರ ಆಗಸ್ಟಿನಲ್ಲಿ ಪ್ರಾಗ್ ನಗರದಲ್ಲಿ ಮ್ಯೂಸಿಯಂ ಎಂಬುದರ ವ್ಯಾಖ್ಯೆಯನ್ನೇ ತಿದ್ದಿ, ಸಮುದಾಯಗಳ ಪಾಲ್ಗೊಳ್ಳುವಿಕೆ ಎಂಬ ಮಾತನ್ನು ಅದರೊಳಗೆ ಸೇರಿಸಿತು. ನಮ್ಮಲ್ಲಿ ಪಾಲ್ಗೊಳ್ಳುವಿಕೆ ಎಂದರೆ ಉದ್ಘಾಟನೆಯ ದಿನ ಡೊಳ್ಳು ಬಾರಿಸಿ ಊಟ ಮಾಡಿ ಹೋಗುವುದು. ಚೀಟಿ ಬರೆಯುವಾಗ ಅವರನ್ನು ಕೂರಿಸಿಕೊಳ್ಳುವವರು ಕಡಿಮೆ.

ಕಳೆದ ವರ್ಷ ಭೂಮಿ ಹುಣ್ಣಿಮೆಯ ಹಿಂದಿನ ದಿನ, ಆ ಹೊಸನಗರದ ಹಿರಿಯರ ಮನೆ ಹುಡುಕಿಕೊಂಡು ಹೋಗಿದ್ದೆ. ಮಗ ಕಟ್ಟಿಸಿದ ತಾರಸಿ ಮನೆ. ಗೋಡೆಗೆ ಪುಟ್ಟಿ ಎಳೆದು ತಿಳಿ ನೀಲಿ ಪೇಂಟು. ಹಸೆ ಬರೆಯಲು ಗೋಡೆ ಎಲ್ಲಿ ಎಂದು ಕೇಳಿದೆ. ಒಳಗೆ ಕರೆದುಕೊಂಡು ಹೋಗಿ, ಬೀರುವಿನ ಹಿಂದಿನಿಂದ ಒಂದು ಪ್ಲೈವುಡ್ ಹಲಗೆ ಎಳೆದು ತೆಗೆದರು. ಮೊಮ್ಮಗಳ ಮದುವೆಗೆ ಬರೆದದ್ದಂತೆ. ಸೆರಗಿನಿಂದ ಧೂಳು ಒರೆಸಿ, ಬೆರಳಿಟ್ಟು ತೋರಿಸುತ್ತ ಹೋದರು: ಈ ಬದಿ ನಾನು, ಆ ಬದಿ ನಾದಿನಿ, ನಡುವಿನದು ಸೊರಬದಿಂದ ಬಂದ ತಂಗಿ. ಕೆಳಗಿನ ಮೂಲೆಯಲ್ಲಿ ನಾಲ್ಕು ಎಳೆ ಸೊಟ್ಟಗೆ ಓಡಿದ್ದವು. “ಅದು ಮದುಮಗಳೇ ಬರದಿದ್ದು. ಬ್ಯಾಡ ಅಂದ್ರೂ ಕೇಳ್ಲಿಲ್ಲ.”

ಫೋಟೋ ತೆಗೆದುಕೊಂಡು ಜಗಲಿಗೆ ಬಂದೆ. ಅಲ್ಲಿ ಕೆಮ್ಮಣ್ಣು ಬಳಿದ ಬುಟ್ಟಿ ಬೋರಲು ಹಾಕಿತ್ತು, ಅರ್ಧ ಎಳೆ ಮುಗಿದಿತ್ತು. ಬಗ್ಗಿ ಕೈ ಚಾಚಿದೆ.

“ಮುಟ್ಬ್ಯಾಡ ಮಾರಾಯ, ಇನ್ನೂ ಹಸಿ.”